ತೈವಾನ್‌ನ ಶಿಂಚುನಲ್ಲಿ ಕನ್ನಡದವರು ಇದ್ದೀರಾ? ಪಕ್ಕದ ಮನೆ ಹುಡುಗ ಮಿಷನ್‌ಗೆ ಅಲ್ಲಿಗೆ ಬಂದಿದ್ದಾನೆ

ಲೀಹೈಕನ್ನಡಿಗ
ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಯೂಟಾ ರಾಜ್ಯದ ಲೀಹೈನಲ್ಲಿ. ಚಿಪ್ ಕಾರ್ಖಾನೆ, ಸಾಫ್ಟ್‌ವೇರ್ ಕಂಪನಿ ಅಂತ ಇಲ್ಲಿ ಕನ್ನಡದವರು ಒಂದಷ್ಟು ಜನ ಇದ್ದೇವೆ. ಉಳಿದಂತೆ ನಮ್ಮ ಬೀದಿ ಪೂರ್ತಿ ಮಾರ್ಮನ್ನರೇ, ಅಮೆರಿಕದಲ್ಲಿ ಹುಟ್ಟಿದ ಒಂದು ಚರ್ಚ್‌ನವರು.

ಪಕ್ಕದ ಮನೆ ಹುಡುಗನನ್ನು ಚಿಕ್ಕವನಿದ್ದಾಗಿನಿಂದ ನೋಡಿದ್ದೇವೆ. ನಾವು ಊರಿಗೆ ಹೋದಾಗ ಮನೆ ಮುಂದಿನ ಹಿಮ ತೆಗೆದು, ಒಳಗಿನ ತುಳಸಿಗೆ ನೀರು ಹಾಕುತ್ತಿದ್ದವನು ಅವನೇ. ಈಗ 19 ವರ್ಷ. ಅವರ ಪದ್ಧತಿಯಂತೆ ಎರಡು ವರ್ಷದ ಮಿಷನ್‌ಗೆ, ಅಂದರೆ ಧರ್ಮ ಪ್ರಚಾರಕ್ಕೆ, ಹೋಗಿದ್ದಾನೆ. ಸಿಕ್ಕಿದ್ದು ತೈವಾನ್. ಮೊದಲು ಒಂದು ಸಣ್ಣ ಊರಿನಲ್ಲಿದ್ದ, ಚೆನ್ನಾಗಿಯೇ ಇದ್ದ. ಈಗ ಶಿಂಚುಗೆ ಹಾಕಿದ್ದಾರೆ. ಹೊಸ ಊರು, ಹೊಸ ಜೊತೆಗಾರ. ಆ ಜೊತೆಗಾರ ತೈವಾನಿನವನೇ, ಇಂಗ್ಲಿಷ್ ಅಷ್ಟಕ್ಕಷ್ಟೆ. ಇವನ ಚೀನೀ ಮಾತು ಇನ್ನೂ ತಡವರಿಸುತ್ತಿದೆ.

ಪ್ರತಿ ಭಾನುವಾರ ಸಂಜೆ ಮನೆಗೆ ವಿಡಿಯೋ ಕಾಲ್ ಮಾಡುತ್ತಾನೆ. ಅಲ್ಲಿ ಆಗ ಸೋಮವಾರ ಬೆಳಿಗ್ಗೆ. ಮೊದಲೆಲ್ಲ ಬಾಯಿ ತುಂಬ ಮಾತಾಡುತ್ತಿದ್ದವನು ಈಗ ‘ಎಲ್ಲ ಸರಿ ಇದೆ’ ಅಂದು ಇಟ್ಟುಬಿಡುತ್ತಾನಂತೆ. ಅವರಮ್ಮ ಮೊನ್ನೆ ನನ್ನ ಹೆಂಡತಿಯನ್ನು ಕೇಳಿದರು, ‘ನಿಮ್ಮ ಕಡೆಯ ಎಂಜಿನಿಯರುಗಳು ಆ ಊರಲ್ಲಿ ಇದ್ದಾರಂತಲ್ಲ, ಯಾರಾದರೂ ಗೊತ್ತಾ?’ ಅಂತ.

ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಅಲ್ಲಿ ಯಾರಾದರೂ ಇದ್ದೀರಾ? ಅವನನ್ನು ಒಂದ್ಸಲ ಮಾತಾಡಿಸಬಹುದಾ? ಹಾಗೆ ಮಾಡುವುದು ಸರಿಯಾ? ಹೊರದೇಶದಲ್ಲಿ ಹೊಸ ಊರಿಗೆ ಹೊಂದಿಕೊಳ್ಳುವಾಗ ನಿಮಗೆ ಯಾವುದು ನೆರವಾಯಿತು, ಅದನ್ನೂ ಹೇಳಿ.

ಮಂಡ್ಯಬೆಲ್ಲ
ಶಿಂಚು ಅಂದ್ರೆ ಚೀನಾದಲ್ಲಾ ಗುರು?

ಚಿಪ್ಪುಕಾರ
ಮೇಲೆ ತೈವಾನ್ ಅಂತ ಬರೆದಿದ್ದಾರಲ್ಲ. ತೈಪೆಯಿಂದ ಹೈಸ್ಪೀಡ್ ರೈಲು ಹತ್ತಿದರೆ ಅರ್ಧ ಗಂಟೆ ಚಿಲ್ಲರೆ. 1980ರಲ್ಲಿ ಅಲ್ಲಿ ತಂತ್ರಜ್ಞಾನ ಕಂಪನಿಗಳಿಗೆ ಅಂತ ಸೈನ್ಸ್ ಪಾರ್ಕ್ ಮಾಡಿದರು. ನೀವು ಈಗ ಟೈಪ್ ಮಾಡುತ್ತಿರುವ ಫೋನಿನ ಚಿಪ್ ಆ ಊರಿನದೇ ಆಗಿದ್ದರೂ ಆಶ್ಚರ್ಯ ಇಲ್ಲ. ಚೀನಾಗೆ ಈ ಚರ್ಚ್‌ನವರು ಮಿಷನರಿಗಳನ್ನು ಕಳಿಸುವುದೇ ಇಲ್ಲ. ತೈವಾನ್‌ಗೆ 1956ರಿಂದ ಕಳಿಸುತ್ತಿದ್ದಾರೆ.

ಗಾಳಿಊರು
ನಾವಿದ್ದೇವೆ ಸಾರ್, ಜುಬೇಯಲ್ಲಿ. ಶಿಂಚು ಪಕ್ಕದಲ್ಲೇ. ನಮ್ಮ ಯಜಮಾನರು ಪಾರ್ಕ್‌ನಲ್ಲಿ ಕೆಲಸ. ಈ ಬಿಳಿ ಅಂಗಿ ಹುಡುಗರು ಜೋಡಿ ಜೋಡಿಯಾಗಿ ಸೈಕಲ್ ಮೇಲೆ ಹೋಗುವುದನ್ನು ಆಗಾಗ ನೋಡುತ್ತೇನೆ. ತಲೆಗೆ ಹೆಲ್ಮೆಟ್, ಎದೆ ಮೇಲೆ ಕಪ್ಪು ಬಿಲ್ಲೆ, ಅದರಲ್ಲಿ ಚೀನೀ ಅಕ್ಷರದಲ್ಲಿ ಹೆಸರು.

ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಹುಡುಗ ಬಂದಿರುವ ಹೊತ್ತೇ ಸರಿ ಇಲ್ಲ. ಚಳಿಗಾಲ ಬಂತು ಅಂದರೆ ಇಲ್ಲಿ ಈಶಾನ್ಯದ ಗಾಳಿ ಶುರು. ತೈವಾನಿನವರೇ ಈ ಊರನ್ನು ಗಾಳಿಯ ಊರು ಅನ್ನುತ್ತಾರೆ, ನನ್ನ ಹೆಸರೂ ಅಲ್ಲಿಂದಲೇ. ಆ ಗಾಳಿಗೆ ಅಕ್ಕಿ ಶಾವಿಗೆ ಒಣಗಿಸಿಯೇ ಶಿಂಚು ಹೆಸರು ಮಾಡಿದ್ದು. ಶಾವಿಗೆಗೆ ಒಳ್ಳೆಯದು, ಸೈಕಲ್ ತುಳಿಯುವವರ ಗತಿ ಕೇಳಬೇಡಿ. ಎದುರು ಗಾಳಿಯಲ್ಲಿ ತುಳಿದು, ಮೇಲೆ ಜಿಟಿಜಿಟಿ ಮಳೆಯಲ್ಲಿ ನೆಂದು, ಯಾರದೋ ಮನೆ ಬಾಗಿಲಲ್ಲಿ ನಿಂತು ನಗುನಗುತ್ತಾ ಮಾತಾಡಬೇಕು. ನನಗಾದರೆ ಎರಡೇ ದಿನಕ್ಕೆ ಊರು ಬೇಡ ಅನ್ನಿಸುತ್ತಿತ್ತು.

ಇನ್ನು ಕಸದ ವಿಷಯ. ನಗಬೇಡಿ. ಇಲ್ಲಿ ಕಸವನ್ನು ಮನೆ ಮುಂದೆ ಇಟ್ಟು ಹೋಗುವ ಹಾಗಿಲ್ಲ. ಲಾರಿ ಬೀಥೋವನ್ ಟ್ಯೂನ್ ಹಾಕಿಕೊಂಡು ಬರುತ್ತದೆ. ಆ ಹೊತ್ತಿಗೆ ನಾವೇ ಚೀಲ ಹಿಡಿದು ಓಡಬೇಕು. ಹೆಚ್ಚಾಗಿ ಅದು ಬರುವುದು ಸಂಜೆ. ಸಂಜೆ ಈ ಹುಡುಗರು ಮನೆಯಲ್ಲಿ ಇರುವುದೇ ಇಲ್ಲ, ಅವರ ಕೆಲಸ ನಡೆಯುವುದೇ ಜನ ಆಫೀಸಿನಿಂದ ಬಂದ ಮೇಲೆ. ಹೀಗಾಗಿ ಅವರ ಮನೆಗಳಲ್ಲಿ ಕಸ ಗುಡ್ಡೆ ಬೀಳುತ್ತದೆ ಅಂತ ನಮ್ಮ ಕೆಳಮನೆಯ ಅಜ್ಜಿ ಹೇಳುತ್ತಿರುತ್ತಾರೆ. ಅವರಿಗೆ ಎಲ್ಲರ ಮನೆ ಕಸದ ಲೆಕ್ಕವೂ ಗೊತ್ತು.

ಊಟಕ್ಕೆ ಕರೆಯಲು ನಮಗೇನೂ ತೊಂದರೆ ಇಲ್ಲ. ಆದರೆ ಬರುತ್ತಾರಾ?

ಮಲ್ಲೇಶ್ವರ8ನೇಕ್ರಾಸ್
ನನಗೆ ಒಂದು ಅರ್ಥವಾಗುತ್ತಿಲ್ಲ. ಅವನು ಅಲ್ಲಿಗೆ ಹೋಗಿರುವುದು ಬೇರೆಯವರ ಧರ್ಮ ಬದಲಾಯಿಸುವುದಕ್ಕೆ. ಅದಕ್ಕೆ ನಾವು ಅನ್ನ ಸಾರು ಹಾಕಿ ಬೆನ್ನು ತಟ್ಟಬೇಕಾ? ಬೌದ್ಧರು, ತಾವೋ ಗುಡಿಗಳಿಗೆ ಹೋಗುವವರು ತಮ್ಮ ಪಾಡಿಗೆ ಇದ್ದಾರೆ. ಅವರಿಗೆ ಯೂಟಾದ ಹುಡುಗ ಬಂದು ಯಾಕೆ ಬುದ್ಧಿ ಹೇಳಬೇಕು?

ಲೀಹೈಕನ್ನಡಿಗ
@ಮಲ್ಲೇಶ್ವರ8ನೇಕ್ರಾಸ್ ನಿಮ್ಮ ಪ್ರಶ್ನೆ ಸರಿಯಾದದ್ದೇ. ನನಗೂ ಆ ಕೆಲಸ ಒಪ್ಪಿಗೆ ಅಂತಲ್ಲ. ಇಷ್ಟು ವರ್ಷದಿಂದ ಪಕ್ಕದಲ್ಲಿದ್ದರೂ ಅವರ ಮನೆಯವರು ನಮಗೆ ಒಂದು ದಿನವೂ ಬನ್ನಿ ಸೇರಿ ಅನ್ನಲಿಲ್ಲ. ನಾನು ಕೇಳುತ್ತಿರುವುದು ಒಬ್ಬ ಹುಡುಗನ ಬಗ್ಗೆ.

ಹುಬ್ಬಳ್ಳಿಹೈದ
ಹಸಿದವರಿಗೆ ಊಟ ಹಾಕೋದಕ್ಕೆ ಜಾತಿ ಧರ್ಮ ಯಾಕ್ರಿ ಸರ್. ಊಟ ಮಾಡಿಸಿ ಕಳಿಸ್ರಿ. ಧರ್ಮದ ಮಾತು ತೆಗೆದ್ರೆ ಮತ್ತೊಂದು ರೊಟ್ಟಿ ಹಾಕ್ರಿ, ಬಾಯಿ ತುಂಬಿದ್ರೆ ಮಾತು ಬರಂಗಿಲ್ಲ.

ಓದುಗಒಬ್ಬ
😂😂 ರೊಟ್ಟಿ ಸೂತ್ರ

ಬಿಳಿಅಂಗಿ
ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಇವತ್ತು ಬರೆಯಬೇಕು ಅನ್ನಿಸಿತು. ನಾನು ಬೆಂಗಳೂರಿನವನು, ಇದೇ ಚರ್ಚ್‌ನವನು. (2018ರಿಂದ ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಅಂತ ಪೂರ್ತಿ ಹೆಸರು ಬಳಸಿ ಅನ್ನುತ್ತಿದ್ದಾರೆ. ಇಲ್ಲಿ ಎಲ್ಲರೂ ಮಾರ್ಮನ್ ಅನ್ನುತ್ತಿದ್ದೀರಿ, ಇರಲಿ.) ನಾನೂ ಎರಡು ವರ್ಷ ಬಿಲ್ಲೆ ಹಾಕಿಕೊಂಡು ಆಂಧ್ರ, ತಮಿಳುನಾಡು ಕಡೆ ಓಡಾಡಿದ್ದೇನೆ. ಹೊರದೇಶ ಅಲ್ಲ ನಿಜ. ಆದರೆ ತಮಿಳು ಒಂದಕ್ಷರ ಬಾರದ ನನಗೆ ಆ ಊರು ಹೊರದೇಶಕ್ಕಿಂತ ಕಡಿಮೆಯೇನೂ ಇರಲಿಲ್ಲ.

ಹೊರಗಿನವರಿಗೆ ಗೊತ್ತಾಗದ ಒಂದು ವಿಷಯ ಇದೆ. ಮೊದಲ ಊರು ಅಷ್ಟು ಕಷ್ಟ ಅಲ್ಲ. ಅಲ್ಲಿ ಟ್ರೇನರ್ ಅಂತ ಒಬ್ಬ ಸಿಗುತ್ತಾನೆ. ಸುಮಾರು 12 ವಾರ ಅವನೇ ಎಲ್ಲ ಹೇಳಿಕೊಡುತ್ತಾನೆ. ತಪ್ಪಿದರೂ ಎಲ್ಲರೂ ‘ಪಾಪ, ಹೊಸಬ’ ಅನ್ನುತ್ತಾರೆ. ನಿಜವಾದ ಕಷ್ಟ ಎರಡನೇ ಊರಲ್ಲಿ. ಅಲ್ಲಿ ನಿಮ್ಮನ್ನು ಯಾರೂ ಹೊಸಬ ಅಂದುಕೊಳ್ಳುವುದಿಲ್ಲ. ಭಾಷೆ ಬರುತ್ತದೆ, ಕೆಲಸ ಗೊತ್ತಿದೆ ಅಂದುಕೊಳ್ಳುತ್ತಾರೆ. ನಿಮಗೆ ಮಾತ್ರ ಗೊತ್ತಿರುತ್ತದೆ, ಮೊದಲ ಊರಲ್ಲಿ ಅರ್ಧ ಮಾತು ಟ್ರೇನರ್ ಆಡುತ್ತಿದ್ದ ಅಂತ.

ಇನ್ನೊಂದು, ಟ್ರಾನ್ಸ್‌ಫರ್. ಆರು ವಾರಕ್ಕೊಮ್ಮೆ ಫೋನ್ ಬರುತ್ತದೆ. ಕೆಲವರು ಅಲ್ಲೇ ಉಳಿಯುತ್ತಾರೆ, ಕೆಲವರು ಹೊರಡಬೇಕು. ಹೊರಡಿ ಅಂದರೆ ಎರಡು ಮೂರು ದಿನದಲ್ಲಿ ಸೂಟ್‌ಕೇಸ್ ಕಟ್ಟಿ ರೈಲು ಹತ್ತುತ್ತೀರಿ. ಯಾವ ಅಂಗಡಿಯವನು ಸಾಲ ಕೊಡುತ್ತಾನೆ, ಯಾವ ಬೀದಿಯಲ್ಲಿ ನಾಯಿ ಅಟ್ಟಿಸಿಕೊಂಡು ಬರುತ್ತದೆ, ಯಾವ ಅಜ್ಜಿ ಬಾಳೆಹಣ್ಣು ಕೊಡದೆ ಕಳಿಸುವುದಿಲ್ಲ, ಎಲ್ಲ ತಿಳಿದುಕೊಂಡಿರುತ್ತೀರಿ. ಅದು ಹೊಸ ಊರಲ್ಲಿ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಆ ಅಜ್ಜಿಯ ಮನೆಗೆ ಮುಂದಿನ ವಾರ ಬೇರೆ ಯಾರೋ ಹೋಗುತ್ತಾರೆ.

ಮೂರನೆಯದು ಜೊತೆಗಾರ. ಅವನನ್ನು ನೀವು ಆರಿಸಿಕೊಳ್ಳುವ ಹಾಗಿಲ್ಲ. ಬಚ್ಚಲು ಬಿಟ್ಟರೆ ದಿನದ ಅಷ್ಟೂ ಹೊತ್ತು ಅವನ ಕಣ್ಣೆದುರೇ ಇರಬೇಕು. ಬೆಳಿಗ್ಗೆ 6:30ಕ್ಕೆ ಏಳುವುದರಿಂದ ರಾತ್ರಿ 10:30ಕ್ಕೆ ಮಲಗುವವರೆಗೆ. ಮದುವೆಯಾದವರಿಗೂ ಇಷ್ಟು ಕಟ್ಟುಪಾಡು ಇಲ್ಲ. ಜೊತೆಗಾರ ಕೆಟ್ಟವನು ಅಂತಲ್ಲ. ಅಳಬೇಕು ಅನ್ನಿಸಿದರೆ ಅಳುವುದಕ್ಕೂ ಒಂದು ಜಾಗ ಇರುವುದಿಲ್ಲ, ಅದು ತೊಂದರೆ.

ಆದ್ದರಿಂದ ಆ ಹುಡುಗ ಮಾತು ಕಡಿಮೆ ಮಾಡಿದ್ದಾನೆ ಅಂದರೆ ನನಗೆ ಆಶ್ಚರ್ಯ ಆಗಲಿಲ್ಲ. ವಿಡಿಯೋ ಕಾಲ್ ಮಾಡುವಾಗಲೂ ಜೊತೆಗಾರ ಅದೇ ಕೋಣೆಯಲ್ಲಿ ಕೂತಿರುತ್ತಾನಲ್ಲ.

ಸೊಪ್ಪಿನಸಾರು
ಅಯ್ಯೋ ಪಾಪ. 19 ವರ್ಷ. ನನ್ನ ಮಗ ಆ ವಯಸ್ಸಲ್ಲಿ ಒಗೆಯುವ ಬಟ್ಟೆ ಹಾಸ್ಟೆಲ್‌ನಿಂದ ಮೈಸೂರಿಗೆ ಹೊತ್ತು ತರುತ್ತಿದ್ದ.

ಕಾಫಿಬೀಜ
ಇವರಿಗೆ ಮನೆಗೆ ಫೋನ್ ಮಾಡಲು ಬಿಡುವುದೇ ವರ್ಷಕ್ಕೆ ಎರಡು ಸಲ ಅಲ್ವಾ? ಕ್ರಿಸ್‌ಮಸ್‌ಗೆ ಒಂದು, ತಾಯಂದಿರ ದಿನಕ್ಕೆ ಒಂದು. ವಾರವಾರ ಹೇಗೆ ಮಾಡುತ್ತಾನೆ?

ಬಿಳಿಅಂಗಿ
@ಕಾಫಿಬೀಜ ಅದು ಹಳೇ ಪದ್ಧತಿ. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಮಾತಾಡಬಹುದು, ರಜೆಯ ದಿನ. ಹೆಚ್ಚಾಗಿ ಅದು ಸೋಮವಾರ. ಬಟ್ಟೆ ಒಗೆಯುವುದು, ದಿನಸಿ ತರುವುದು, ಕ್ಷೌರ, ಎಲ್ಲ ಅವತ್ತೇ. ನಾನು ಹೋದಾಗ ಹಳೇ ಪದ್ಧತಿ ಇತ್ತು. ಒಂದು ರೀತಿಯಲ್ಲಿ ಅದೇ ಸುಲಭ ಇತ್ತು. ಅಮ್ಮನ ಮುಖ ವಾರವಾರ ನೋಡಿದ್ದರೆ ನಾನು ಬಸ್ಸು ಹತ್ತಿ ಬಂದುಬಿಡುತ್ತಿದ್ದೆ.

ಸೊಪ್ಪಿನಸಾರು
@ಬಿಳಿಅಂಗಿ ನಿಮಗೆ ಸುಲಭ ಇರಬಹುದಪ್ಪ. ನಿಮ್ಮಮ್ಮನನ್ನು ಕೇಳಿ ನೋಡಿ.

ಮಲ್ಲೇಶ್ವರ8ನೇಕ್ರಾಸ್
ಇಷ್ಟೆಲ್ಲ ಕಟ್ಟುಪಾಡು ಯಾರು ಹಾಕಿದ್ದು? ಚರ್ಚೇ ತಾನೇ? ಸಂಬಳವಾದರೂ ಕೊಡುತ್ತಾರಾ?

ಲೀಹೈಕನ್ನಡಿಗ
ಸಂಬಳ ಇಲ್ಲ, ಇವರೇ ಕೊಡಬೇಕು. ಅಮೆರಿಕದ ಹುಡುಗರು ತಿಂಗಳಿಗೆ 500 ಡಾಲರ್ ಕಟ್ಟುತ್ತಾರೆ. 2020ರ ಜುಲೈಗೆ ಮುಂಚೆ 400 ಇತ್ತು. ದುಬಾರಿ ಊರಿಗೆ ಹೋದರೂ ಅಷ್ಟೇ, ಅಗ್ಗದ ಊರಿಗೆ ಹೋದರೂ ಅಷ್ಟೇ. ಎಲ್ಲ ಒಂದೇ ಗಂಟಿಗೆ ಸೇರಿ ಅಲ್ಲಿಂದ ಹಂಚಿಕೆ ಆಗುತ್ತದೆ. ಪಕ್ಕದ ಮನೆ ಹುಡುಗ ಹೈಸ್ಕೂಲಿನಲ್ಲಿ ಬೇಸಿಗೆ ಪೂರ್ತಿ ಸ್ಪ್ರಿಂಕ್ಲರ್ ಪೈಪ್ ಹಾಕುವ ಕೆಲಸ ಮಾಡಿದ್ದು ಇದಕ್ಕೇ.

ಮಲ್ಲೇಶ್ವರ8ನೇಕ್ರಾಸ್
ದುಡ್ಡು ಕೊಟ್ಟು ಕಷ್ಟ ಪಡುವುದು! ಚೆನ್ನಾಗಿದೆ.

ಹುಬ್ಬಳ್ಳಿಹೈದ
ನಾವು ಅಯ್ಯಪ್ಪ ಮಾಲೆ ಹಾಕಿದಾಗ ಮಾಡೋದೂ ಅದೇ ಅಲ್ರಿ? ಬರಿಗಾಲು, ತಣ್ಣೀರು ಸ್ನಾನ, ನೆಲದ ಮೇಲೆ ಮಲಗೋದು, ಖರ್ಚು ನಮ್ಮದೇ. ಇವರದು ಎರಡು ವರ್ಷದ ಮಾಲೆ ಅಂದುಕೊಳ್ರಿ.

ಮಲ್ಲೇಶ್ವರ8ನೇಕ್ರಾಸ್
ಮಾಲೆ ಹಾಕಿದವನು ಪಕ್ಕದ ಮನೆ ಬಾಗಿಲು ತಟ್ಟಿ ನೀನೂ ಹಾಕಿಕೋ ಅನ್ನುವುದಿಲ್ಲ. ಸಮ ಮಾಡಬೇಡಿ.

ಕರಾವಳಿ77
ಮಿಷನರಿ ಅಂದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ನಮ್ಮ ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್‌ನವರು ಬಂದರು. ಹಂಚಿನ ಕಾರ್ಖಾನೆ, ಪ್ರೆಸ್ಸು, ಶಾಲೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದವರು ಮೊಗ್ಲಿಂಗ್. ಕಿಟ್ಟೆಲ್ 1853ರಲ್ಲಿ ಬಂದಾಗ ಅವರಿಗೂ 21 ವರ್ಷ. ಈ ಹುಡುಗನಿಗಿಂತ ಎರಡು ವರ್ಷ ದೊಡ್ಡವರು ಅಷ್ಟೇ. ಹೊಸ ಊರಿಗೆ ಹೊಂದಿಕೊಂಡಿದ್ದು ಹೇಗೆ ಅಂದರೆ ಕನ್ನಡ ಕಲಿತು, ನಡೆದು ಊರೂರು ತಿರುಗಿ. ಕೊನೆಗೆ 1894ರಲ್ಲಿ ನಿಘಂಟು ಕೊಟ್ಟರು.

ಓದುಗಒಬ್ಬ
ಆ ಹೋಲಿಕೆ ಕೂರುವುದಿಲ್ಲ. ಬಾಸೆಲ್‌ನವರಿಗೂ ಮಾರ್ಮನ್ನರಿಗೂ ಸಂಬಂಧವೇ ಇಲ್ಲ. ಅದು ಜರ್ಮನ್ ಮತ್ತು ಸ್ವಿಸ್ ಪ್ರಾಟೆಸ್ಟಂಟರದು, ಇದು 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರುವಾದ ಚರ್ಚ್. ಅದಕ್ಕಿಂತ ಮುಖ್ಯ, ಕಿಟ್ಟೆಲ್ ಬಂದಿದ್ದು ಎರಡು ವರ್ಷಕ್ಕಲ್ಲ. ದಶಕಗಳ ಕಾಲ ನಿಂತರು. ಆರು ವಾರಕ್ಕೊಮ್ಮೆ ಎತ್ತಿ ಬೇರೆ ಊರಿಗೆ ಹಾಕಿದ್ದರೆ ನಿಘಂಟು ‘ಅ’ ಅಕ್ಷರವನ್ನೂ ದಾಟುತ್ತಿರಲಿಲ್ಲ.

ಕರಾವಳಿ77
ವಯಸ್ಸಿನ ಬಗ್ಗೆ ಹೇಳಿದೆ ಮಾರಾಯ್ರೆ, ಧರ್ಮಶಾಸ್ತ್ರದ ಬಗ್ಗೆ ಅಲ್ಲ.

ಚಿಪ್ಪುಕಾರ
ತೈವಾನ್‌ಗೇ ಹೊಂದುವ ಉದಾಹರಣೆ ಬೇಕಾದರೆ ಜಾನ್ ಹಂಟ್ಸ್‌ಮನ್ ಇದ್ದಾರಲ್ಲ. ಹುಡುಗನಾಗಿದ್ದಾಗ ತೈವಾನ್‌ನಲ್ಲಿ ಮಿಷನ್ ಮಾಡಿ ಮ್ಯಾಂಡರಿನ್ ಚೀನೀ ಭಾಷೆ ಕಲಿತರು. ಆಮೇಲೆ ಯೂಟಾದ ಗವರ್ನರ್. 2009ರಿಂದ 2011ರವರೆಗೆ ಚೀನಾದಲ್ಲಿ ಅಮೆರಿಕದ ರಾಯಭಾರಿ.

ಲೀಹೈಕನ್ನಡಿಗ
ಹೌದು, ನಮ್ಮ ಮಗಳು ಅದರ ಫಲ ಉಣ್ಣುತ್ತಿದ್ದಾಳೆ. ಅವರು ಗವರ್ನರ್ ಆಗಿದ್ದಾಗ, 2008ರಲ್ಲಿ, ಸರ್ಕಾರಿ ಶಾಲೆಗಳಲ್ಲಿ ಅರ್ಧ ದಿನ ಇಂಗ್ಲಿಷ್, ಅರ್ಧ ದಿನ ಬೇರೆ ಭಾಷೆಯಲ್ಲಿ ಪಾಠ ಮಾಡುವುದಕ್ಕೆ ಕಾನೂನು ತಂದರು. ಮಗಳು ಮ್ಯಾಂಡರಿನ್ ತರಗತಿಯಲ್ಲಿದ್ದಾಳೆ. ಮಿಷನ್ ಮುಗಿಸಿ ಬಂದವರು ಬೀದಿಗೊಬ್ಬರು ಇರುವುದರಿಂದ ಇಲ್ಲಿ ಭಾಷೆ ಬಲ್ಲವರಿಗೆ ಬರ ಇಲ್ಲ. ಹಿಂದಿನ ಬೀದಿಯ ಪ್ಲಂಬರ್ ಫಿಲಿಪ್ಪೀನ್ಸ್‌ನ ತಗಾಲೊಗ್ ಭಾಷೆ ಮಾತಾಡುತ್ತಾನೆ.

ಕಾಫಿಬೀಜ
ಅವರು ಕಾಫಿ ಟೀ ಕುಡಿಯುವುದಿಲ್ಲ ಅಂತ ಕೇಳಿದ್ದೇನೆ. ಅಂಥವರನ್ನು ತೈವಾನ್‌ಗೆ ಕಳಿಸುವುದು ಯಾವ ನ್ಯಾಯ? ಬಬಲ್ ಟೀ ಹುಟ್ಟಿದ ದೇಶ ಅದು!

ಗಾಳಿಊರು
ಅದಕ್ಕೂ ದಾರಿ ಇದೆ. ಇಲ್ಲಿ ಮೂಲೆಗೊಂದು ಪಾನಕದ ಅಂಗಡಿ. ಟೀ ಇಲ್ಲದೆ ಬರೀ ಹಾಲು, ಬೆಲ್ಲದ ಪಾಕ, ಸಾಬುದಾನದಂಥ ಆ ಗುಂಡು ಹಾಕಿ ಕೊಡಿ ಅಂದರೆ ಕೊಡುತ್ತಾರೆ. ಇನ್ನೊಂದು ಬೂದುಗುಂಬಳಕಾಯಿಯನ್ನು ಸಕ್ಕರೆ ಜೊತೆ ಕುದಿಸಿ ಮಾಡುವ ಪಾನಕ. ಅಂಗಡಿ ಬೋರ್ಡಿನಲ್ಲಿ ಟೀ ಅಂತಲೇ ಬರೆದಿರುತ್ತಾರೆ, ಒಳಗೆ ಟೀ ಸೊಪ್ಪು ಇರುವುದಿಲ್ಲ. ತಣ್ಣಗೆ ಕುಡಿದರೆ ಬಹಳ ಚೆನ್ನಾಗಿರುತ್ತದೆ. ನಾನು ಮಜ್ಜಿಗೆಹುಳಿಗೆ ಕಾಯಿ ತರಲು ಹೋದಾಗಲೆಲ್ಲ ಒಂದು ಲೋಟ ಕುಡಿದೇ ಬರುವುದು.

ಕಾಫಿಬೀಜ
ಗ್ರೀನ್ ಟೀ ನಡೆಯುತ್ತಾ? ಅದು ಆರೋಗ್ಯಕ್ಕೆ ಒಳ್ಳೆಯದಲ್ವಾ?

ಬಿಳಿಅಂಗಿ
ಇಲ್ಲ. 2019ರಲ್ಲಿ ಚರ್ಚ್ ಅದನ್ನೂ ಬಿಡಿಸಿ ಹೇಳಿತು, ಗ್ರೀನ್ ಟೀಯೂ ಟೀಯೇ ಅಂತ. ನಿಯಮ 1833ರದು. ನಮ್ಮ ಕಡೆ ಇದರ ಕಷ್ಟ ಕೇಳಿ. ಯಾರದೇ ಮನೆಗೆ ಹೋದರೂ ಮೊದಲು ಬರುವುದೇ ಟೀ. ಬೇಡ ಅಂದರೆ ಅವರಿಗೆ ಬೇಜಾರು. ನಾನು ಒಳಗೆ ಕಾಲಿಡುವಾಗಲೇ ‘ಅಮ್ಮಾ, ಒಂದು ಲೋಟ ನೀರು ಕೊಡ್ತೀರಾ’ ಅಂತ ಕೇಳಿಬಿಡುತ್ತಿದ್ದೆ. ಏನೋ ಒಂದು ಕೊಟ್ಟೆವು ಅಂತ ಅವರಿಗೂ ಸಮಾಧಾನ.

ನಿರ್ವಾಹಕ
ಎರಡು ಮಾತು. ಹುಡುಗನ ಹೆಸರು, ಮನೆ ವಿಳಾಸ, ಫೋನ್ ನಂಬರ್ ಇಲ್ಲಿ ಹಾಕಬೇಡಿ. ಒಂದು ಪೋಸ್ಟ್ ತೆಗೆದಿದ್ದೇನೆ. ಎರಡನೆಯದು, ಮತಾಂತರದ ಬಗ್ಗೆ ಚರ್ಚೆ ಬೇಕಾದರೆ ಪಕ್ಕದ ವಿಭಾಗ ಇದೆ. ಇಲ್ಲಿ ವಿಷಯಕ್ಕೆ ಬನ್ನಿ.

ಗಾಳಿಊರು
ವಿಷಯಕ್ಕೆ ಬರೋಣ. ಊಟಕ್ಕೆ ಕರೆದರೆ ಬರುತ್ತಾರಾ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಬಿಳಿಅಂಗಿ
ಬರುತ್ತಾರೆ ಅಕ್ಕ, ಇಬ್ಬರೂ ಒಟ್ಟಿಗೆ ಬರುತ್ತಾರೆ. ಆದರೆ ನಿಮ್ಮ ಯಜಮಾನರು ಮನೆಯಲ್ಲಿ ಇರಬೇಕು. ಹೆಂಗಸರು ಒಬ್ಬರೇ ಇರುವ ಮನೆಯೊಳಗೆ ಹುಡುಗರು ಕೂರುವ ಹಾಗಿಲ್ಲ. ರಾತ್ರಿ ಬೇಗ ಹೊರಡುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ, ಒಂಬತ್ತರ ಸುಮಾರಿಗೆ ಮನೆ ಸೇರಬೇಕು. ಸಾಧ್ಯವಾದರೆ ಸೋಮವಾರ ಕರೆಯಿರಿ, ಅವತ್ತು ಸಂಜೆಯವರೆಗೆ ಬಿಡುವು.

ಒಂದು ವಿನಂತಿ. ಅವನೊಬ್ಬನನ್ನೇ ಮಾತಾಡಿಸಬೇಡಿ. ಆ ತೈವಾನಿ ಹುಡುಗನನ್ನೂ ಮಾತಾಡಿಸಿ. ಎಲ್ಲರೂ ಅಮೆರಿಕದ ಹುಡುಗನ ಕಷ್ಟವನ್ನೇ ನೋಡುತ್ತಿದ್ದೀರಿ. ಆ ಇನ್ನೊಬ್ಬ ಬೆಳಿಗ್ಗೆಯಿಂದ ರಾತ್ರಿವರೆಗೆ ತನ್ನ ಭಾಷೆಯನ್ನೇ ಬಿಡಿಸಿ ಬಿಡಿಸಿ ಆಡಬೇಕು. ಅಂಗಡಿ, ಬ್ಯಾಂಕು, ಮನೆ ಮಾಲೀಕ, ಎಲ್ಲ ಕಡೆ ಇಬ್ಬರ ಪರವಾಗಿ ಅವನೇ ಮಾತಾಡಬೇಕು. ಆಂಧ್ರದಲ್ಲಿ ನನ್ನ ಜೊತೆಗಿದ್ದವನಿಗೆ ತೆಲುಗು ಬರುತ್ತಿತ್ತು, ನನಗೆ ಇಲ್ಲ. ಒಂದು ದಿನ ಅವನು ರಸ್ತೆಯಲ್ಲೇ ನಿಂತು, ‘ಇವತ್ತು ನಾನು ಮಾತಾಡಲ್ಲ, ನೀನೇ ಮಾತಾಡು’ ಅಂದುಬಿಟ್ಟ. ನಾನು ತರಕಾರಿ ಅಂಗಡಿಯಲ್ಲಿ ಕೈಸನ್ನೆ ಮಾಡಿ ಬದನೆಕಾಯಿ ತಂದೆ. ನಾನು ತೆಲುಗು ಕಲಿತಿದ್ದು ಅವತ್ತಿನಿಂದ.

ಮಂಡ್ಯಬೆಲ್ಲ
ಬದನೆಕಾಯಿಗೆ ಕೈಸನ್ನೆ ಹೆಂಗೆ ಮಾಡಿದ್ರಿ ಗುರು 🤔

ಬಿಳಿಅಂಗಿ
ಅದು ಇಲ್ಲಿ ಬರೆಯುವ ಹಾಗಿಲ್ಲ, ನಿರ್ವಾಹಕರು ತೆಗೆಯುತ್ತಾರೆ.

ದೊಡ್ಡಕ್ಕ
ನಾನು ಜಪಾನಿನಲ್ಲಿ ಎಂಟು ವರ್ಷ ಇದ್ದೆ, ಯಜಮಾನರ ಕೆಲಸಕ್ಕೆ. ಈ ಹುಡುಗರು ನಮ್ಮ ಅಪಾರ್ಟ್‌ಮೆಂಟ್‌ಗೂ ಬರುತ್ತಿದ್ದರು. ಮೊದಲ ಸಲವೇ ‘ನಮಗೆ ನಮ್ಮ ದೇವರಿದ್ದಾನೆ, ಸಾಕು’ ಅಂತ ನೇರವಾಗಿ ಹೇಳಿದೆ. ಸರಿ ಅಂದು ನಕ್ಕು, ಕೆಲಸ ಏನಾದರೂ ಇದೆಯಾ ಅಂತ ಕೇಳಿದರು. ಬೀರು ಸರಿಸಬೇಕಿತ್ತು, ಸರಿಸಿ ಕೊಟ್ಟು ಹೋದರು. ಅಷ್ಟೇ ಸಂಬಂಧ. ಹಾಗಾಗಿ ಊಟಕ್ಕೆ ಕರೆಯುವವರು ಮೊದಲೇ ಹೇಳಿಬಿಡುವುದು ಒಳ್ಳೆಯದು, ‘ಊಟ, ಹರಟೆ ಎರಡೇ, ಪಾಠ ಬೇಡ’ ಅಂತ. ಅವರಿಗೂ ಹಗುರ, ನಿಮಗೂ ಹಗುರ.

ಹೊಸ ಊರಿಗೆ ಹೊಂದಿಕೊಳ್ಳುವುದರ ಬಗ್ಗೆ ಕೇಳಿದ್ದಿರಿ. ನನಗೆ ನೆರವಾಗಿದ್ದು ಒಂದೇ ಅಂಗಡಿಗೆ ದಿನಾ ಹೋಗಿದ್ದು. ಬೇಕಿರಲಿ ಬಿಡಲಿ, ತೋಫು ಅಂಗಡಿಗೆ ದಿನಾ ಹೋಗುತ್ತಿದ್ದೆ. ಒಂದು ವಾರ ಊರಿಗೆ ಹೋಗಿ ಬಂದಾಗ ಆ ಅಂಗಡಿಯಾಕೆ ಎಲ್ಲಿ ಹೋಗಿದ್ದೆ ಅಂತ ಕೇಳಿದಳು. ಊರಲ್ಲಿ ನಮ್ಮನ್ನು ಹುಡುಕುವವರು ಒಬ್ಬರಿದ್ದರೆ ಅರ್ಧ ಗೆದ್ದ ಹಾಗೆ.

ಮಲ್ಲೇಶ್ವರ8ನೇಕ್ರಾಸ್
@ದೊಡ್ಡಕ್ಕ ನಿಮ್ಮ ಬೀರು ಸರಿಸಿದ್ದು ಒಳ್ಳೆಯದೇ. ನಾನು ಹುಡುಗರ ಮೇಲೆ ಕೋಪ ಮಾಡಿಕೊಂಡಿಲ್ಲ. 18 ವರ್ಷಕ್ಕೆ ಹೋಗು ಅಂದರೆ ಯಾವ ಹುಡುಗ ಒಲ್ಲೆ ಅನ್ನುತ್ತಾನೆ? ಬೀದಿಯವರೆಲ್ಲ ಹೋಗಿ ಬಂದಿರುವಾಗ? ಅರ್ಧಕ್ಕೆ ವಾಪಸ್ ಬಂದರೆ ಆ ಊರಲ್ಲಿ ತಲೆ ಎತ್ತಿ ನಡೆಯಲು ಬಿಡುತ್ತಾರಾ? ಅದನ್ನು ಹೇಳಿ.

ಲೀಹೈಕನ್ನಡಿಗ
ಇದು ನಿಜ. ಯಾರೂ ಬಾಯಿ ಬಿಟ್ಟು ಬೈಯುವುದಿಲ್ಲ. ಆದರೆ ಬೇಗ ಬಂದವರ ಮನೆಯವರು ತಾವಾಗಿಯೇ ಕಾರಣ ಹೇಳಲು ಶುರು ಮಾಡುತ್ತಾರೆ, ಆರೋಗ್ಯ ಅಂತಲೋ, ಮೊಣಕಾಲು ಅಂತಲೋ. 2012ರಲ್ಲಿ ಹುಡುಗರ ವಯಸ್ಸನ್ನು 19ರಿಂದ 18ಕ್ಕೆ, ಹುಡುಗಿಯರದ್ದನ್ನು 21ರಿಂದ 19ಕ್ಕೆ ಇಳಿಸಿದ ಮೇಲೆ ಹೈಸ್ಕೂಲ್ ಮುಗಿದ ತಕ್ಷಣ ಹೊರಡುವವರೇ ಜಾಸ್ತಿ. ಮನೆ ಬಿಟ್ಟು ಒಂದು ವರ್ಷ ಕಾಲೇಜು ಹಾಸ್ಟೆಲಿನಲ್ಲಿ ಇದ್ದು ಹೋದರೆ ಒಳ್ಳೆಯದು ಅಂತ ನನ್ನ ಅನಿಸಿಕೆ. ಪಕ್ಕದ ಮನೆಯವರಿಗೆ ಹಾಗೆಂದು ಹೇಳಿಲ್ಲ.

ಬಿಳಿಅಂಗಿ
ಬೇಗ ಬಂದವರ ವಿಷಯದಲ್ಲಿ ನಮ್ಮವರು ಇನ್ನೂ ಕಲಿಯಬೇಕಾದ್ದು ಇದೆ, ಒಪ್ಪುತ್ತೇನೆ. ಹೋಗಲು ಮನಸ್ಸಿಲ್ಲದೆ ಅಪ್ಪನಿಗಾಗಿ ಬಂದವನ ಜೊತೆ ನಾನು ಆರು ವಾರ ಇದ್ದೆ. ಅವನಿಗೂ ಕಷ್ಟ, ನನಗೂ ಕಷ್ಟ.

ಆದರೆ ಎಲ್ಲರೂ ಹಾಗಲ್ಲ. ನಾನು ಇಷ್ಟಪಟ್ಟು ಹೋದವನು. ನಮ್ಮ ಮನೆಯಲ್ಲಿ ಬೇಡ ಅಂದಿದ್ದರು.

ಲೀಹೈ ಸಾರ್, ಆ ತಾಯಿಗೆ ಹೇಳಿ. ‘ಹೇಗಿದ್ದೀಯ’ ಅಂತ ಕೇಳಿದರೆ ‘ಚೆನ್ನಾಗಿದ್ದೇನೆ’ ಅಂತಲೇ ಬರುತ್ತದೆ. ‘ನಿನ್ನೆ ರಾತ್ರಿ ಏನು ತಿಂದೆ, ಅಡುಗೆ ಯಾರು ಮಾಡಿದ್ದು, ಸೈಕಲ್ ಬ್ರೇಕ್ ಸರಿ ಮಾಡಿಸಿದೆಯಾ’ ಅಂತ ಕೇಳಲಿ. ಅಡುಗೆ ವಿಷಯದಲ್ಲೇ ಜೊತೆಗಾರನ ಕಥೆ ಪೂರ್ತಿ ಹೊರಗೆ ಬರುತ್ತದೆ. ಎರಡು ಮೂರು ವಾರ ಆದರೂ ಹೀಗೇ ಇದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಮಿಷನ್ ನೋಡಿಕೊಳ್ಳುವ ದಂಪತಿ ಇರುತ್ತಾರೆ. ಮೂರು ವರ್ಷ ಅವರದು ಅದೇ ಕೆಲಸ. ಹುಡುಗ ಅವರಿಗೆ ಹೇಳಬೇಕು, ತಾಯಿಯೂ ಹೇಳಬಹುದು. ಕೌನ್ಸೆಲರ್ ಜೊತೆ ಮಾತಾಡಿಸುತ್ತಾರೆ. ನಮ್ಮ ಅಕ್ಕನ ಮಜ್ಜಿಗೆಹುಳಿ ಅದಕ್ಕೆ ಬದಲಿ ಅಲ್ಲ.

ಗಾಳಿಊರು
ಮಜ್ಜಿಗೆಹುಳಿಯನ್ನು ಕಡಿಮೆ ಅಂದಾಜು ಮಾಡಬೇಡಪ್ಪ.

ಸರಿ, ನಮ್ಮ ಯಜಮಾನರನ್ನು ಕೇಳಿದೆ. ಈ ಹುಡುಗರ ಚರ್ಚ್‌ನಲ್ಲಿ ಬುಧವಾರ ಸಂಜೆ ಅವರೇ ಪುಕ್ಕಟೆ ಇಂಗ್ಲಿಷ್ ಕ್ಲಾಸ್ ಮಾಡುತ್ತಾರಂತೆ, ಇವರ ಆಫೀಸಿನ ತೈವಾನಿ ಹುಡುಗ ಒಬ್ಬ ಹೋಗುತ್ತಾನೆ. ಅವನ ಜೊತೆ ಹೋಗಿ ಮಾತಾಡಿಸಿ, ಮುಂದಿನ ಸೋಮವಾರ ಮಧ್ಯಾಹ್ನ ಊಟಕ್ಕೆ ಇಬ್ಬರನ್ನೂ ಕರೆಯುತ್ತೇವೆ. ಅವತ್ತು ಯಜಮಾನರಿಗೆ ಹೇಗೂ ರಜೆ. ಯೂಟಾದಿಂದ ಹೇಳಿ ಕಳಿಸಿದ್ದಾರೆ ಅಂತ ಹೇಳಬಹುದಾ? ಹುಡುಗನಿಗೆ ಮುಜುಗರ ಆಗಬಾರದಲ್ಲ, ಅಮ್ಮ ಗೂಢಚಾರರನ್ನು ಬಿಟ್ಟಿದ್ದಾರೆ ಅಂತ.

ಲೀಹೈಕನ್ನಡಿಗ
ಅಕ್ಕ, ಬಹಳ ಉಪಕಾರ. ಅಮ್ಮನ ಹೆಸರು ಬೇಡ. ತುಳಸಿ ಗಿಡದವರು ಹೇಳಿದರು ಅನ್ನಿ, ಗೊತ್ತಾಗುತ್ತದೆ. ಖಾರ ಸ್ವಲ್ಪ ತಿನ್ನುತ್ತಾನೆ, ನಮ್ಮ ಮನೆಯ ಚಿತ್ರಾನ್ನ ತಿಂದು ಅಭ್ಯಾಸ ಇದೆ. ಉಳಿದ ವಿವರ ಖಾಸಗಿ ಮೆಸೇಜಿನಲ್ಲಿ ಕಳಿಸುತ್ತೇನೆ.

ಚಿಪ್ಪುಕಾರ
ಬಿಡುವಿನ ದಿನ ನಾನ್‌ಲಿಯಾವ್ ಬಂದರಿನ ಕಡೆ ಸೈಕಲ್ ದಾರಿ ಇದೆ, ಸಮುದ್ರದ ಪಕ್ಕದಲ್ಲೇ ಹೋಗುತ್ತದೆ. ಜನ ಗಾಳಿಪಟ ಹಾರಿಸಲು ಬರುತ್ತಾರೆ. ಇಬ್ಬರನ್ನೂ ಅಲ್ಲಿಗೆ ಹೋಗಿ ಅನ್ನಿ. ಆ ಗಾಳಿ ಒಂದು ದಿನವಾದರೂ ಖುಷಿ ಕೊಡಲಿ.

ಬಿಳಿಅಂಗಿ
ನೀರಿಗೆ ಇಳಿಯುವ ಹಾಗಿಲ್ಲ ಅಷ್ಟೇ. ಮಿಷನ್‌ನಲ್ಲಿ ಈಜು ಇಲ್ಲ.

ಮಲ್ಲೇಶ್ವರ8ನೇಕ್ರಾಸ್
ಇನ್ನೊಂದು ನಿಯಮ!

ಹುಬ್ಬಳ್ಳಿಹೈದ
ಗಾಳಿಊರು ಅಕ್ಕಾರ, ನನ್ನ ತಂಗಿ ಸೆಪ್ಟೆಂಬರ್‌ನಾಗ ಶಿಂಚುದ ತ್ಸಿಂಗ್ ಹುವಾ ಯೂನಿವರ್ಸಿಟಿಗೆ ಪಿಎಚ್‌ಡಿಗೆ ಬರಾಕತ್ತಾಳ್ರಿ. ಅಲ್ಲಿ ಜೋಳದ ಹಿಟ್ಟು ಸಿಗ್ತದೇನ್ರಿ? ಅಕಿ ಪೂರಾ ಸಸ್ಯಾಹಾರಿ.

ಗಾಳಿಊರು
ಸಸ್ಯಾಹಾರಕ್ಕೆ ಚಿಂತೆ ಇಲ್ಲ, ಬೌದ್ಧರ ಊಟದ ಮನೆಗಳು ಬೇಕಾದಷ್ಟಿವೆ, ಬೋರ್ಡಿನ ಮೇಲೆ ಸ್ವಸ್ತಿಕದ ಗುರುತು ಇರುತ್ತದೆ. ತಟ್ಟೆಗೆ ಹಾಕಿಕೊಂಡು ತೂಕ ಮಾಡಿಸಿ ದುಡ್ಡು ಕೊಡುವುದು. ಈರುಳ್ಳಿ ಬೆಳ್ಳುಳ್ಳಿಯೂ ಹಾಕುವುದಿಲ್ಲ. ಜೋಳದ ಹಿಟ್ಟು ಮಾತ್ರ ಊರಿನಿಂದಲೇ ತರಲಿ.

ನಿರ್ವಾಹಕ
ಹಿಟ್ಟಿನ ವಿಷಯಕ್ಕೆ ಹೊಸ ಚರ್ಚೆ ಶುರು ಮಾಡಿ ಪ್ಲೀಸ್.